ಹೊಸ ಕಾರು ಕೊಳ್ಳುವ ಮುನ್ನ: ಮೊದಲು ಟೇಪು, ಆಮೇಲೆ ಲೆಕ್ಕ, ಕೊನೆಗೆ ಷೋರೂಮ್

ಕಾರು ಮನೆಗೆ ಬಂದ ಆರು ತಿಂಗಳಿಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೇಟು ಪೂರ್ತಿ ಮುಚ್ಚುವುದಿಲ್ಲ. ಅಜ್ಜಿಗೆ ಹತ್ತಿ ಇಳಿಯಲು ಆಗುವುದಿಲ್ಲ. ಇಎಂಐ ಕಟ್ಟಿದ ಮೇಲೆ ಪೆಟ್ರೋಲಿಗೆ ದುಡ್ಡು ಸಾಲುವುದಿಲ್ಲ. ಡೀಸೆಲ್ ಕಾರು ತಿಂಗಳಿಗೊಮ್ಮೆ ವಾರ್ನಿಂಗ್ ಲೈಟ್ ಉರಿಸುತ್ತದೆ. ಇವುಗಳಲ್ಲಿ ಕಾರಿನ ದೋಷ ಕಡಿಮೆ, ಆರಿಸಿದ ಕ್ರಮದ ದೋಷ ಹೆಚ್ಚು. ಬಹಳ ಮಂದಿ ಮೊದಲು ಮಾಡೆಲ್ ನಿಶ್ಚಯಿಸಿ, ಆಮೇಲೆ ಸಾಲ ಹುಡುಕಿ, ಕಾರು ಬಂದ ದಿನ ಗೇಟು ಅಳೆಯುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು.

ಬೇಕಾದ ಸಾಮಾನು ಹೆಚ್ಚಿಲ್ಲ: 5 ಮೀಟರ್ ಅಳತೆ ಟೇಪು, ಒಂದು ನೋಟ್‌ಬುಕ್, ಒಳ್ಳೆಯ ಟಾರ್ಚ್, ನಿಮ್ಮ ಬ್ಯಾಂಕಿನಿಂದ ಲಿಖಿತ ಬಡ್ಡಿದರ, ಚಿಕ್ಕ ಮಗುವಿದ್ದರೆ ಅದರ ಸೀಟು, ಮತ್ತು ಮನೆಯ ಹಿರಿಯರ ಒಂದು ಭಾನುವಾರ. ಒಟ್ಟು ಐದಾರು ವಾರ ಹಿಡಿಯುತ್ತದೆ. ಹಬ್ಬದ ಆಫರ್ ಮುಗಿಯುತ್ತದೆಂದು ಅವಸರಪಟ್ಟರೆ ಉಳಿಯುವುದು ಹತ್ತಿಪ್ಪತ್ತು ಸಾವಿರ, ಕೈಬಿಡುವುದು ಅದರ ಹತ್ತು ಪಟ್ಟು.

## ಹಂತ 1: ಒಂದು ತಿಂಗಳ ಓಡಾಟ ಬರೆದಿಡಿ

ಮನೆಯವರ ಎಲ್ಲ ಓಡಾಟವನ್ನೂ ನಾಲ್ಕು ವಾರ ಬರೆದುಕೊಳ್ಳಿ. ಎಷ್ಟು ಜನ, ಎಷ್ಟು ಕಿಲೋಮೀಟರ್, ಪೇಟೆಯೋ ಹೆದ್ದಾರಿಯೋ, ಸಾಮಾನು ಎಷ್ಟು. ಬೈಕು, ಬಸ್ಸು, ಮೆಟ್ರೊದಲ್ಲಿ ಹೋಗಿದ್ದನ್ನೂ ಸೇರಿಸಿ, ಆದರೆ ಕಾರು ಬಂದ ಮೇಲೂ ಬೈಕಿನಲ್ಲೇ ಹೋಗುವುದನ್ನು ಬಿಡಿ. ಈ ಕೊನೆಯ ಮಾತಿನಲ್ಲೇ ಬಹಳ ಜನ ಎಡವುತ್ತಾರೆ. ದಿನಾ 30 ಕಿ.ಮೀ. ಓಡಿಸುತ್ತೇನೆಂದು ಲೆಕ್ಕ ಹಾಕಿ ಡೀಸೆಲ್ ಕೊಳ್ಳುತ್ತಾರೆ. ಕೊನೆಗೆ ಟ್ರಾಫಿಕ್‌ಗೆ ಹೆದರಿ ಆಫೀಸಿಗೆ ಸ್ಕೂಟರ್, ಕಾರು ಭಾನುವಾರಕ್ಕೆ ಮಾತ್ರ.

ಇದರ ಜೊತೆಗೆ ಇನ್ನೊಂದು ಎಣಿಕೆ: ವರ್ಷದಲ್ಲಿ ಎಷ್ಟು ದಿನ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಹೋಗುತ್ತೀರಿ? ಊರ ಜಾತ್ರೆ, ಎರಡು ಮದುವೆ, ಒಂದು ಧರ್ಮಸ್ಥಳ ಪ್ರಯಾಣ ಎಂದು ಹತ್ತು ಹನ್ನೆರಡು ದಿನದೊಳಗೇ ಮುಗಿದರೆ ಏಳು ಸೀಟಿನ ಕಾರು ಬೇಡ. ಆ ದಿನಗಳಿಗೆ ಬಾಡಿಗೆ ಗಾಡಿ ಹಿಡಿಯುವುದೇ ಅಗ್ಗ. ಅಪ್ಪ ಅಮ್ಮ ಜೊತೆಗೇ ಇದ್ದು ವಾರಕ್ಕೊಮ್ಮೆ ಆರು ಜನ ಹೊರಡುವ ಮನೆಯ ಲೆಕ್ಕ ಬೇರೆ. ಅಲ್ಲಿ ಮೂರನೇ ಸಾಲು ಬೇಕೇ ಬೇಕು, ಅದರೊಂದಿಗೆ ಬರುವ ಒಂದು ನಷ್ಟವೂ ಗೊತ್ತಿರಬೇಕು: ಏಳೂ ಸೀಟು ಎತ್ತಿದರೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ. ಎರ್ಟಿಗಾದಲ್ಲಿ ಆಗ ಸಿಗುವುದು 209 ಲೀಟರ್, ಅಂದರೆ ಎರಡು ಸಣ್ಣ ಬ್ಯಾಗು. ಊರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ ತರುವವರು ಮೇಲಿನ ಕ್ಯಾರಿಯರ್ ಬಗ್ಗೆಯೂ ಈಗಲೇ ಯೋಚಿಸಬೇಕು.

## ಹಂತ 2: ಮನೆಯಲ್ಲಿ ಟೇಪು ಹಿಡಿಯಿರಿ

ಮೊದಲು ಕಾರು ನಿಲ್ಲುವ ಜಾಗ. ಉದ್ದ, ಅಗಲ, ಗೇಟಿನ ಅಗಲ, ಗೇಟಿನೆದುರಿನ ರಸ್ತೆಯ ಅಗಲ, ನಾಲ್ಕನ್ನೂ ಬರೆಯಿರಿ. ಗೇಟು ಒಳಕ್ಕೆ ತೆರೆಯುವುದಾದರೆ ಅದರ ಬಾಗಿಲು ತಿರುಗುವ ಜಾಗವನ್ನು ಉದ್ದದಿಂದ ಕಳೆಯಿರಿ.

ಬ್ರೋಷರ್‌ನಲ್ಲಿ ಕೊಡುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಗೇಟು ದಾಟಲು ಎರಡೂ ಕಡೆ ಸೇರಿ ಇನ್ನೊಂದು 20–25 ಸೆಂ.ಮೀ. ಇಟ್ಟುಕೊಳ್ಳಿ. ಕಾರು ನಿಲ್ಲಿಸಿದ ಮೇಲೆ ಡ್ರೈವರ್ ಬಾಗಿಲು ತೆರೆದು ಇಳಿಯಲು 70 ಸೆಂ.ಮೀ., ಇನ್ನೊಂದು ಪಕ್ಕಕ್ಕೆ ಕನಿಷ್ಠ 20 ಸೆಂ.ಮೀ. ಬೇಕು. ವ್ಯಾಗನ್ ಆರ್‌ನ ಅಗಲ 1,620 ಮಿ.ಮೀ., ಕ್ರೆಟಾದ್ದು 1,790 ಮಿ.ಮೀ. ಒಂದಕ್ಕೆ ಎಂಟೂಕಾಲು ಅಡಿಯಷ್ಟು ಅಗಲದ ಜಾಗ ಸಾಕಾದರೆ ಇನ್ನೊಂದಕ್ಕೆ ಒಂಬತ್ತು ಅಡಿ ಹತ್ತಿರ ಬೇಕು. 30x40 ಸೈಟಿನ ಮನೆಯಲ್ಲಿ ಮೆಟ್ಟಿಲ ಕೆಳಗೆ ಕಾರು ನಿಲ್ಲಿಸುವವರಿಗೆ ಈ ಅರ್ಧ ಅಡಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅಪಾರ್ಟ್‌ಮೆಂಟ್‌ನವರು ಕಂಬದಿಂದ ಕಂಬಕ್ಕೆ ಅಳೆಯಿರಿ, ಬಿಳಿ ಗೆರೆಯಿಂದ ಗೆರೆಗೆ ಅಲ್ಲ.

ಉದ್ದದ ವಿಷಯದಲ್ಲಿ 4 ಮೀಟರ್ ಎಂಬ ಗಡಿಯೊಂದಿದೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ 4,000 ಮಿ.ಮೀ. ಮೀರದ, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ ಎಂಜಿನ್ 1,500 ಸಿಸಿ ಒಳಗಿರುವ ಕಾರಿಗೆ ಜಿಎಸ್‌ಟಿ ಶೇ. 18. ಇವುಗಳಲ್ಲಿ ಯಾವುದನ್ನು ಮೀರಿದರೂ ಶೇ. 40. ಇಷ್ಟೊಂದು ಮಾಡೆಲ್‌ಗಳು 3,990–3,995 ಮಿ.ಮೀ.ಗೇ ಬಂದು ನಿಲ್ಲುವುದು ಇದೇ ಕಾರಣಕ್ಕೆ. ನಿಮ್ಮ ಗೇಟೂ ಜೇಬೂ ಒಟ್ಟಿಗೆ ಬೇಡುವುದು ಈ ಗಡಿಯೊಳಗಿನ ಕಾರನ್ನೇ ಆಗಿರಬಹುದು.

ಎರಡನೆಯದು ಹಿರಿಯರ ಅಳತೆ. ಮನೆಯಲ್ಲಿ ಅವರು ಕೈ ಊರದೆ ಏಳಬಲ್ಲ ಕುರ್ಚಿ ಯಾವುದೆಂದು ನೋಡಿ, ಅದರ ಎತ್ತರ ಅಳೆದುಕೊಳ್ಳಿ. ಷೋರೂಮಿನಲ್ಲಿ ನೆಲದಿಂದ ಕಾರಿನ ಸೀಟಿನ ಮೇಲ್ಭಾಗಕ್ಕೆ ಅಳೆದಾಗ ಅದು ಈ ಕುರ್ಚಿಗಿಂತ ತುಸು ಎತ್ತರವಿರಬೇಕು. ಮಧ್ಯಮ ಎತ್ತರದವರಿಗೆ 60–65 ಸೆಂ.ಮೀ. ಆಸುಪಾಸು ಸಲೀಸು. ಸೆಡಾನ್‌ನಲ್ಲಿ ಕುಸಿದು ಕೂರಬೇಕು, ಏಳುವಾಗ ಮಂಡಿ ಹಿಡಿಯುತ್ತದೆ. ಹಾಗೆಂದು ಎತ್ತರದ ಎಸ್‌ಯುವಿ ಎಲ್ಲರಿಗೂ ಸರಿಯಲ್ಲ. ಸೀರೆ ಉಟ್ಟವರಿಗೆ, ಗಿಡ್ಡಗಿರುವವರಿಗೆ ಅದು ಏಣಿ ಹತ್ತಿದಂತೆ. ಬಾಗಿಲ ಕೆಳಗಿನ ಅಂಚು ಅಗಲವಿದ್ದರೆ ಮಳೆಗಾಲದಲ್ಲಿ ಸೆರಗು, ಪ್ಯಾಂಟು ಎರಡೂ ಕೆಸರಾಗುತ್ತವೆ.

ಮೂರನೆಯದು ದಾರಿ. ತೋಟದ ಮಣ್ಣು ರಸ್ತೆ, ಎತ್ತರದ ಹಂಪುಗಳ ಬಡಾವಣೆ, ಕಡಿದಾದ ಬೇಸ್‌ಮೆಂಟ್ ಇಳಿಜಾರು, ಇವುಗಳಲ್ಲಿ ನಿಮ್ಮದು ಯಾವುದು? ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಾಗಿ ಖಾಲಿ ಕಾರಿನದು. ಐದು ಜನ ಕೂತು ಡಿಕ್ಕಿ ತುಂಬಿದರೆ ಅದು ಸಾಕಷ್ಟು ಇಳಿಯುತ್ತದೆ. ಮಲೆನಾಡಿನ ಎಸ್ಟೇಟ್ ದಾರಿಗೆ 190 ಮಿ.ಮೀ.ಗಿಂತ ಕಡಿಮೆಯದು ಬೇಡ. ಪೇಟೆಗೆ 165–170 ಸಾಕು.

## ಹಂತ 3: ದುಡ್ಡಿನ ಲೆಕ್ಕ ತಿಂಗಳಿನಿಂದ ಶುರುವಾಗಲಿ

ಎಕ್ಸ್ ಷೋರೂಂ ಬೆಲೆಯಿಂದ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆಯಿಂದ ಲೆಕ್ಕ ಶುರುಮಾಡಬೇಡಿ. ತಿಂಗಳಿಗೆ ಕಾರಿಗೆಂದು ಒಟ್ಟು ಎಷ್ಟು ತೆಗೆದಿಡಬಲ್ಲಿರಿ ಎಂಬಲ್ಲಿಂದ ಹಿಂದಕ್ಕೆ ಬನ್ನಿ.

ಒಂದು ಮಾದರಿ ಲೆಕ್ಕ: ತಿಂಗಳಿಗೆ 30,000 ರೂ. ಅದರಲ್ಲಿ 1,000 ಕಿ.ಮೀ.ಗೆ ಪೆಟ್ರೋಲು ಸುಮಾರು 8,000. ವಿಮೆ, ಸರ್ವಿಸ್, ಟೈರು, ಪಾರ್ಕಿಂಗ್, ಫಾಸ್ಟ್ಯಾಗ್ ಎಲ್ಲ ತಿಂಗಳಿಗೆ ಹಂಚಿದರೆ 4,500–5,000. ಇಎಂಐಗೆ ಉಳಿಯುವುದು 17,000. ಶೇ. 9ರ ಬಡ್ಡಿಯಲ್ಲಿ 5 ವರ್ಷಕ್ಕೆ 8 ಲಕ್ಷ ಸಾಲದ ಇಎಂಐ ಸುಮಾರು 16,600 ರೂ. ಕೈಯಲ್ಲಿ 3.5 ಲಕ್ಷ ಇದ್ದರೆ ನಿಮ್ಮ ಆನ್‌ರೋಡ್ ಮಿತಿ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ ಕೊಡಬಲ್ಲದ್ದು, 11.5 ಲಕ್ಷ. ಇದನ್ನು 1.2ರಿಂದ ಭಾಗಿಸಿ, ಎಕ್ಸ್ ಷೋರೂಂ ಸುಮಾರು 9.5 ಲಕ್ಷ. ನೀವು ನೋಡಬೇಕಾದ ಬೆಲೆಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಎಕ್ಸ್ ಷೋರೂಂ 10 ಲಕ್ಷ ಮೀರುವ ಕಾರುಗಳಿಗೆ 1.24ರಿಂದ ಭಾಗಿಸಿ.

ಈ ಅಂತರಕ್ಕೆ ದೊಡ್ಡ ಕಾರಣ ರಸ್ತೆ ತೆರಿಗೆ. ಕರ್ನಾಟಕದ್ದು ದೇಶದ ದುಬಾರಿ ದರಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿಗೆ 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದರ ಮೇಲೆ ಶೇ. 18. ಈ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ದರ ಬೀಳುವುದು ಪೂರ್ತಿ ಬೆಲೆಗೆ, ಮಿತಿ ಮೀರಿದ ಭಾಗಕ್ಕೆ ಮಾತ್ರ ಅಲ್ಲ. ಹಾಗಾಗಿ 10 ಲಕ್ಷದ ಹೊಸ್ತಿಲಲ್ಲಿ ಹುಷಾರಾಗಿರಿ:

ಎಕ್ಸ್ ಷೋರೂಂ 9,95,000 ಇದ್ದರೆ ತೆರಿಗೆ, ಸೆಸ್ ಸೇರಿ 1,54,623 ರೂ.
ಎಕ್ಸ್ ಷೋರೂಂ 10,05,000 ಇದ್ದರೆ ಅದೇ 1,89,644 ರೂ.

ಸಾಲದ್ದಕ್ಕೆ 10 ಲಕ್ಷ ದಾಟಿದ ಕಾರಿನ ಮೇಲೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಮುಂಗಡ ಆದಾಯ ತೆರಿಗೆ), ಅಂದರೆ 10,050. ಬೆಲೆಯಲ್ಲಿ ಹತ್ತು ಸಾವಿರ ಹೆಚ್ಚಿದ್ದಕ್ಕೆ ಕೈಯಿಂದ ಹೋಗುವುದು 55,000. ಟಿಸಿಎಸ್ ಹಣ ನಿಮ್ಮ ಪಾನ್ ಲೆಕ್ಕಕ್ಕೆ ಜಮೆಯಾಗಿರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ತೋರಿಸಿದರೆ ಹೊಂದಾಣಿಕೆಯಾಗುತ್ತದೆ, ಇಲ್ಲವೇ ವಾಪಸು ಬರುತ್ತದೆ. ಇದನ್ನು ಮರೆಯುವವರೇ ಜಾಸ್ತಿ.

ಸಾಲದಲ್ಲಿ ಎರಡು ಬಲೆಗಳಿವೆ. ಒಂದು, ಅವಧಿ. ಅದೇ 8 ಲಕ್ಷವನ್ನು 7 ವರ್ಷಕ್ಕೆ ಎಳೆದರೆ ಇಎಂಐ 12,900ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರುತ್ತದೆ. ಐದು ವರ್ಷಕ್ಕೆ ಹೊಂದದ ಕಾರು ನಿಮ್ಮ ಬಜೆಟ್ಟಿನದಲ್ಲ ಎಂದೇ ತಿಳಿಯಿರಿ. ಎರಡು, ಫ್ಲಾಟ್ ಬಡ್ಡಿ, ಅಂದರೆ ತೀರಿಸಿದ್ದನ್ನು ಕಳೆಯದೆ ಮೊದಲ ಸಾಲದ ಪೂರ್ತಿ ಮೊತ್ತಕ್ಕೆ ಕೊನೆಯವರೆಗೂ ಹಾಕುವ ಬಡ್ಡಿ. 'ಬರೀ ಶೇ. 5 ಸರ್' ಎಂದರೆ ಫ್ಲಾಟಾ ರೆಡ್ಯೂಸಿಂಗಾ ಎಂದು ಕೇಳಿ. ಐದು ವರ್ಷಕ್ಕೆ ಶೇ. 5 ಫ್ಲಾಟ್ ಅಂದರೆ ಬ್ಯಾಂಕಿನ ಶೇ. 9ಕ್ಕೆ ಹೆಚ್ಚುಕಡಿಮೆ ಸಮ. ಅಗ್ಗ ಎಂಬುದು ಬರೀ ಮಾತಿನಲ್ಲಿ.

ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂಬ ಸಲಹೆಗೆ ಕಿವಿಗೊಡಬೇಡಿ. ಇಲ್ಲಿಯೇ ಓಡಿಸುವ ಹೊರರಾಜ್ಯದ ಕಾರನ್ನು ಸಾರಿಗೆ ಇಲಾಖೆ ಹಿಡಿದರೆ ತೆರಿಗೆಯ ಜೊತೆ ದಂಡವೂ ಬೀಳುತ್ತದೆ. ವರ್ಗಾವಣೆಯ ಕೆಲಸದವರಿಗೆ ನೇರ ದಾರಿಯೇ ಇದೆ: ಎಲ್ಲ ರಾಜ್ಯಗಳಲ್ಲೂ ನಡೆಯುವ ಬಿಎಚ್ ಸರಣಿಯ ನೋಂದಣಿ. ಸರ್ಕಾರಿ ನೌಕರರು, ರಕ್ಷಣಾ ಸಿಬ್ಬಂದಿ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರು ಇದಕ್ಕೆ ಅರ್ಹರು, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾರೆ.

## ಹಂತ 4: ಇಂಧನ ಆರಿಸಿ

ತಿಂಗಳಿಗೆ 1,000 ಕಿ.ಮೀ. ಒಳಗೆ ಓಡಿಸುವವರಿಗೆ ಪೆಟ್ರೋಲ್. ಇಷ್ಟೇ ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಡೀಸೆಲ್‌ನ ಆಸೆ ಸುಲಭಕ್ಕೆ ಬಿಡುವುದಿಲ್ಲ.

ಪೆಟ್ರೋಲ್ ಲೀಟರಿಗೆ 100 ರೂ., ಡೀಸೆಲ್ 90 ರೂ. ಎಂದುಕೊಳ್ಳೋಣ. ಒಂದೇ ಮಾಡೆಲ್ಲಿನ ಪೆಟ್ರೋಲ್ ಕಾರು ಪೇಟೆಯಲ್ಲಿ 12, ಡೀಸೆಲ್ 16 ಕಿ.ಮೀ. ಕೊಟ್ಟರೆ ಕಿ.ಮೀ.ಗೆ ಉಳಿತಾಯ 2.70 ರೂ. ಆನ್‌ರೋಡ್ ಬೆಲೆಯಲ್ಲಿ ಡೀಸೆಲ್ 1.5 ಲಕ್ಷ ಹೆಚ್ಚಿದ್ದರೆ ಅದು ಹುಟ್ಟಲು 55,000 ಕಿ.ಮೀ. ಓಡಬೇಕು. ತಿಂಗಳಿಗೆ 1,000 ಕಿ.ಮೀ. ಲೆಕ್ಕದಲ್ಲಿ ನಾಲ್ಕೂವರೆ ವರ್ಷಕ್ಕೂ ಮೇಲೆ.

ಹಣಕ್ಕಿಂತ ದೊಡ್ಡ ತೊಡಕು ಡಿಪಿಎಫ್. ಈಗಿನ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಅದನ್ನು ಬಿಸಿಮಾಡಿ ಸುಟ್ಟು ಶುದ್ಧಗೊಳಿಸಬೇಕು, ಅದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ವೇಗದ ಓಟ ಬೇಕು. ಜಯನಗರದಿಂದ ಕೋರಮಂಗಲಕ್ಕೆ ನಿಂತು ನಿಂತು ಹೋಗುವ ಕಾರಿಗೆ ಆ ಓಟ ಸಿಗುವುದೇ ಇಲ್ಲ. ಮೊದಲು ವಾರ್ನಿಂಗ್ ಲೈಟ್, ಆಮೇಲೆ ಎಳೆತ ಕಡಿಮೆ, ಕೊನೆಗೆ ಸರ್ವಿಸ್ ಸೆಂಟರ್. ವಾರಕ್ಕೊಮ್ಮೆಯಾದರೂ ತುಮಕೂರಿನಷ್ಟು ದೂರದ ಹೆದ್ದಾರಿ ಪ್ರಯಾಣ ಇಲ್ಲದವರು ಡೀಸೆಲ್ ಕೊಳ್ಳಬಾರದು. ಹುಬ್ಬಳ್ಳಿ–ಬೆಂಗಳೂರು ಓಡಾಡುವ ವ್ಯಾಪಾರಿಗೆ ಇದೇ ಒಳ್ಳೆಯ ಆಯ್ಕೆ. ಹತ್ತು ವರ್ಷಕ್ಕೆ ಡೀಸೆಲ್ ಕಾರು ಗುಜರಿಗೆ ಹೋಗುತ್ತದೆ ಎಂಬ ಭಯ ಬೇಡ. ಆ ನಿರ್ಬಂಧ ದೆಹಲಿ ಸುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬಹುದು.

ಸಿಎನ್‌ಜಿ ಲಾಭದ್ದು, ನಿಮ್ಮ ದಿನದ ದಾರಿಯಲ್ಲೇ ಪಂಪ್ ಇದ್ದರೆ. ಬೆಂಗಳೂರು, ಮಂಗಳೂರಿನಲ್ಲಿ ತೊಂದರೆಯಿಲ್ಲ, ಘಟ್ಟದ ಮೇಲಿನ ಸಣ್ಣ ಊರಿನವರು ಮೊದಲು ಪಂಪ್ ಹುಡುಕಿ. ಸಿಲಿಂಡರ್ ಡಿಕ್ಕಿ ನುಂಗುತ್ತದೆ. ಎರಡು ಸಣ್ಣ ಸಿಲಿಂಡರ್ ಕೆಳಗಿಟ್ಟು ಜಾಗ ಉಳಿಸಿದ ಮಾಡೆಲ್‌ಗಳೂ ಇವೆ. ಏರಿನಲ್ಲಿ ಎಳೆತ ಕಡಿಮೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಕಡ್ಡಾಯ.

ವಿದ್ಯುತ್ ಕಾರಿಗೆ ಒಂದೇ ಪ್ರಶ್ನೆ: ನಿಮ್ಮದೇ ಪಾರ್ಕಿಂಗ್ ಜಾಗದಲ್ಲಿ ನಿಮ್ಮದೇ ಮೀಟರಿನ ಪ್ಲಗ್ ಇದೆಯೇ? ಇಲ್ಲದಿದ್ದರೆ ಸದ್ಯಕ್ಕೆ ಬಿಡಿ. ಇದ್ದರೆ, 45 ಕಿಲೋವ್ಯಾಟ್ ಅವರ್ ಬ್ಯಾಟರಿ ಮನೆಯ 15 ಆಂಪ್ ಸಾಕೆಟ್‌ನಲ್ಲಿ ಪೂರ್ತಿ ತುಂಬಲು ಸುಮಾರು 15 ಗಂಟೆ, 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಆರೇಳು ಗಂಟೆ. ಆ ಚಾರ್ಜರ್ ಹಾಕಿಸಲು ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾಗಬಹುದು, ಬೆಸ್ಕಾಂ ಆಗಲಿ ನಿಮ್ಮ ಎಸ್ಕಾಂ ಆಗಲಿ, ಅರ್ಜಿ ಮೊದಲೇ ಹಾಕಿ. ಗೃಹಜ್ಯೋತಿ ಫಲಾನುಭವಿಗಳು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು: ಯೂನಿಟ್ಟಿಗೆ ಆರೂವರೆ ಕಿ.ಮೀ. ಹಿಡಿದರೆ ತಿಂಗಳಿಗೆ 1,000 ಕಿ.ಮೀ.ಗೆ 150 ಯೂನಿಟ್ ಮೇಲೆ ಬೇಕು. ಮನೆಯ ಬಳಕೆಯೂ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಆಗಲೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ಅಂದುಕೊಂಡಷ್ಟಲ್ಲ. ಕಂಪನಿ ಹೇಳುವ ರೇಂಜ್‌ನಲ್ಲಿ ಮೂರನೇ ಎರಡು ಭಾಗವನ್ನು ಮಾತ್ರ ನಂಬಿ.

## ಹಂತ 5: ಗೇರು

ದಿನಾ ಸಿಲ್ಕ್ ಬೋರ್ಡ್ ದಾಟುವವರು ಆಟೋಮ್ಯಾಟಿಕ್ ತೆಗೆದುಕೊಳ್ಳಿ, ಎಡಮಂಡಿ ಉಳಿಯುತ್ತದೆ. ಅದರಲ್ಲಿ ಅಗ್ಗದ್ದು ಎಎಂಟಿ, ಅಂದರೆ ಮಾಮೂಲಿ ಗೇರನ್ನೇ ಯಂತ್ರ ಬದಲಿಸುವ ಬಗೆ. ಗೇರು ಬದಲಾಗುವಾಗ ತಲೆ ತೂಗಿದಂತೆ ಜಗ್ಗುತ್ತದೆ, ಏರಿನಲ್ಲಿ ಹಿಂದಕ್ಕೆ ಜಾರುವ ಭಯ ಇರುವುದರಿಂದ ಹಿಲ್ ಹೋಲ್ಡ್ ಇರುವುದನ್ನೇ ಆರಿಸಿ. ಆಟೋಮ್ಯಾಟಿಕ್‌ನ ಉಳಿದ ಬಗೆಗಳಲ್ಲಿ ಸಿವಿಟಿ ನಯ. ಟಾರ್ಕ್ ಕನ್ವರ್ಟರ್ ಗಟ್ಟಿ, ಮೈಲೇಜ್ ಸ್ವಲ್ಪ ಕಡಿಮೆ. ಡ್ಯುಯಲ್ ಕ್ಲಚ್ ಹೆದ್ದಾರಿಯಲ್ಲಿ ಚೆಂದ, ಆದರೆ ಒಣ ಕ್ಲಚ್ಚಿನದು ತೆವಳುವ ಟ್ರಾಫಿಕ್‌ನಲ್ಲಿ ಬಿಸಿಯೇರುತ್ತದೆ, ರಿಪೇರಿ ದುಬಾರಿ. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ತಿಂಗಳಿಗೆರಡು ಸಲ ಐದು ಜನ ತುಂಬಿಕೊಂಡು ಹತ್ತುವವರು 1.2 ಲೀಟರಿನ ಟರ್ಬೊ ಇಲ್ಲದ ಎಂಜಿನ್ ಮತ್ತು ಎಎಂಟಿ ಜೋಡಿಯಿಂದ ದೂರವಿರಿ. ಎಸಿ ಆರಿಸಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಹೋಗಬೇಕಾಗುತ್ತದೆ.

## ಹಂತ 6: ಮೂರು ಕಾರುಗಳಿಗೆ ಇಳಿಸಿ

ಈಗ ಮಾಡೆಲ್ ಹೆಸರುಗಳನ್ನು ನೋಡಬಹುದು. ಇಲ್ಲಿಯವರೆಗಿನ ಅಳತೆ, ಬೆಲೆ, ಇಂಧನ, ಗೇರಿನ ಜರಡಿ ಹಿಡಿದರೆ ಆರೇಳು ಉಳಿಯುತ್ತವೆ. ಅವುಗಳನ್ನು ಮೂರಕ್ಕೆ ಇಳಿಸಲು ಎರಡು ಪರೀಕ್ಷೆ.

ಸುರಕ್ಷತೆ ಮೊದಲು. ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಮುಂಭಾಗದಿಂದ ಗುದ್ದಿದರೆ ಏನಾಗುತ್ತದೆಂದು ಗಂಟೆಗೆ 64 ಕಿ.ಮೀ. ವೇಗದಲ್ಲಿ ಪರೀಕ್ಷಿಸುತ್ತದೆ, ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ಅಂಕ ಕೊಡುತ್ತದೆ. ಮಕ್ಕಳಿರುವ ಮನೆಯವರು ಎರಡನೆಯ ಅಂಕವನ್ನೂ ನೋಡಿ. ಪರೀಕ್ಷೆಗೆ ಒಳಗಾದದ್ದು ಯಾವ ವೇರಿಯಂಟ್, ಯಾವ ವರ್ಷದ್ದು ಎಂದು ಪರಿಶೀಲಿಸಿ. ನೀವು ಕೊಳ್ಳುವ ವೇರಿಯಂಟ್‌ನಲ್ಲಿ ಆರು ಏರ್‌ಬ್ಯಾಗ್, ಇಎಸ್‌ಸಿ (ಜಾರುವ ಕಾರನ್ನು ಹಿಡಿತಕ್ಕೆ ತರುವ ವ್ಯವಸ್ಥೆ), ಹಿಂದಿನ ಮೂರೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್, ಮಗುವಿನ ಸೀಟು ಸಿಕ್ಕಿಸಲು ಐಸೋಫಿಕ್ಸ್ ಕೊಂಡಿ ಇರಲೇಬೇಕು. ಹಿಂದಿನ ಗಾಜಿನ ವೈಪರ್ ನಮ್ಮ ಮಳೆಗೆ ಅಲಂಕಾರವಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಹಿಂಬದಿಯ ಎಸಿ ಕಿಂಡಿ ಬೇಕು. ಇಷ್ಟು ಇರುವ ಅತಿ ಅಗ್ಗದ ವೇರಿಯಂಟ್ ನಿಮ್ಮದು. ಅದರ ಮೇಲಿನದಕ್ಕೆ ಒಂದು ಲಕ್ಷ ಹೆಚ್ಚು ಕೊಟ್ಟರೆ ಸಿಗುವುದು ಬಹುತೇಕ ಸನ್‌ರೂಫ್. ಬಿಸಿಲಿನ ನಾಡಿನಲ್ಲಿ ಅದನ್ನು ತೆರೆಯುವುದು ಮೊದಲ ತಿಂಗಳು ಮಾತ್ರ, ಹಿಂದೆ ಕೂರುವ ಎತ್ತರದವರ ತಲೆಗೆ ತಾಗುವುದು ಕೊನೆಯವರೆಗೆ.

ಎರಡನೆಯದು ಸರ್ವಿಸ್. ಶಿರಸಿಯಲ್ಲೋ ಸಕಲೇಶಪುರದಲ್ಲೋ ಇರುವವರು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ನೋಡಿ. 60 ಕಿ.ಮೀ.ಗಿಂತ ದೂರವಿದ್ದರೆ ಪಟ್ಟಿಯಿಂದ ತೆಗೆಯುವುದೇ ಲೇಸು. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಅವುಗಳ ಮರುಮಾರಾಟದ ಬೆಲೆ ಏನಾಯಿತೆಂದು ಆ ಕಾರುಗಳ ಮಾಲೀಕರನ್ನು ಕೇಳಿದರೆ ಸಾಕು. ಬೀದಿಯಲ್ಲಿ ಕಡಿಮೆ ಕಾಣುವ ಕಾರಿನ ಬಂಪರ್‌ಗೂ ತಿಂಗಳು ಕಾಯಬೇಕಾಗುತ್ತದೆ.

## ಹಂತ 7: ಟೆಸ್ಟ್ ಡ್ರೈವ್ ನಿಮ್ಮ ದಾರಿಯಲ್ಲಿ

ಷೋರೂಮಿನವರು ಒಯ್ಯುವುದು ಮೂರು ಕಿ.ಮೀ. ನುಣುಪು ರಸ್ತೆಗೆ. ಕಾರನ್ನು ಮನೆಗೇ ತರಿಸಿ, ಮುಕ್ಕಾಲು ಗಂಟೆ ಕೇಳಿ, ವಾರದ ಮಧ್ಯದಲ್ಲಾದರೆ ಸುಲಭವಾಗಿ ಕೊಡುತ್ತಾರೆ. ನೀವು ಕೊಳ್ಳಲಿರುವ ಎಂಜಿನ್ ಮತ್ತು ಗೇರು ಅದೇ ಆಗಿರಲಿ. 'ಟರ್ಬೊ ಇದೆ ಸರ್, ಓಡಿಸಿ ನೋಡಿ, ನಿಮ್ಮದೂ ಹೀಗೇ ಇರುತ್ತೆ' ಎಂಬುದನ್ನು ಒಪ್ಪಬೇಡಿ.

ಮನೆಯವರೆಲ್ಲ ಕೂರಲಿ, ಎಸಿ ಪೂರ್ತಿ ಹಾಕಿ. ನಿಮ್ಮ ಗೇಟಿನೊಳಗೆ ಒಮ್ಮೆ ನಿಲ್ಲಿಸಿ ತೆಗೆಯಿರಿ. ಏರಿನಲ್ಲಿ ನಿಂತು ಮತ್ತೆ ಹೊರಡಿ. ಬಡಾವಣೆಯ ಅತಿ ಎತ್ತರದ ಹಂಪಿನ ಮೇಲೆ ನಿಧಾನವಾಗಿ ದಾಟಿಸಿ ಅಡಿ ತಾಗುವುದೇ ಕೇಳಿ. ಬಲಕ್ಕೆ ತಿರುಗುವಾಗ ಗಾಜಿನ ಪಕ್ಕದ ದಪ್ಪ ಕಂಬ ನಡೆದು ಬರುವವರನ್ನು ಮರೆಮಾಡುತ್ತದೆಯೇ ನೋಡಿ. ಈ ದೋಷ ಎತ್ತರದ ಕಾರುಗಳಲ್ಲಿ ಸಾಮಾನ್ಯ, ಬ್ರೋಷರ್‌ನಲ್ಲಿ ಇರುವುದಿಲ್ಲ. ಮಗುವಿನ ಸೀಟನ್ನು ಹಿಂದೆ ಕಟ್ಟಿ, ಅದರ ಪಕ್ಕದಲ್ಲಿ ಇಬ್ಬರು ದೊಡ್ಡವರು ಕೂರಬಲ್ಲರೇ ಪರೀಕ್ಷಿಸಿ. ಮೂರೂ ಕಾರುಗಳನ್ನು ಒಂದೇ ವಾರದಲ್ಲಿ ಓಡಿಸಿ, ಇಳಿದ ತಕ್ಷಣ ಬರೆಯಿರಿ. ಸಾಧ್ಯವಾದರೆ ಒಂದನ್ನಾದರೂ ಕತ್ತಲಾದ ಮೇಲೆ ಓಡಿಸಿ, ಹೆಡ್‌ಲೈಟಿನ ಬೆಳಕು ಆಗಲೇ ಗೊತ್ತಾಗುವುದು.

ಹಿಂದಿನ ಸೀಟಿನವರ ಮಾತಿಗೆ ಎರಡು ಪಟ್ಟು ತೂಕ ಕೊಡಿ.

## ಹಂತ 8: ಕೊಟೇಶನ್ ಸಾಲು ಸಾಲಾಗಿ

ಒಂದೇ ಕಾರಿಗೆ ಕನಿಷ್ಠ ಇಬ್ಬರು ಡೀಲರುಗಳಿಂದ ಮುದ್ರಿತ ಕೊಟೇಶನ್ ತೆಗೆದುಕೊಳ್ಳಿ. ಬಾಯಿಮಾತಿನ 'ಬೆಸ್ಟ್ ಪ್ರೈಸ್' ಲೆಕ್ಕಕ್ಕಿಲ್ಲ. ಎಕ್ಸ್ ಷೋರೂಂ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ, ಫಾಸ್ಟ್ಯಾಗ್ ಇವುಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಉಳಿದ ಸಾಲುಗಳೆಲ್ಲ ಪ್ರಶ್ನಾರ್ಹ.

'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್' ಹೆಸರಿನ ಹಣ ಸರ್ಕಾರಕ್ಕೆ ಹೋಗುವುದಲ್ಲ, ತೆಗೆಸಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ 2019ರ ಏಪ್ರಿಲ್‌ನಿಂದ ಕಾರಿನ ಜೊತೆಗೇ ಬರಬೇಕಾದದ್ದು. ಟೆಫ್ಲಾನ್ ಕೋಟಿಂಗ್ ಬೇಡ. ಅಂಡರ್‌ಬಾಡಿ ಕೋಟಿಂಗ್ ಬಳ್ಳಾರಿಯವರಿಗೆ ದಂಡ, ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರಿನವರಿಗೆ ಉಪಯೋಗ. 'ಎಸೆನ್ಷಿಯಲ್ ಕಿಟ್' ಎಂದು 15,000 ಹಾಕಿದ್ದರೆ ಒಳಗಿನ ಪಟ್ಟಿ ಕೇಳಿ: ಮ್ಯಾಟು, ಮಡ್ ಫ್ಲ್ಯಾಪು, ಒಂದು ಗಣಪತಿ ಮೂರ್ತಿ. ಹೊರಗೆ ಇದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ.

ವಿಮೆಯಲ್ಲಿ ಹೆಚ್ಚು ಉಳಿಸಬಹುದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷಕ್ಕೆ ಸಾಕು. ಡೀಲರ್ ಹತ್ತಿರವೇ ಕೊಳ್ಳಬೇಕೆಂಬ ನಿಯಮವಿಲ್ಲ. ಅದೇ ಐಡಿವಿ (ವಿಮೆಯಲ್ಲಿ ಕಾರಿಗೆ ಹಿಡಿದ ಬೆಲೆ), ಅದೇ ಸೇರ್ಪಡೆಗಳಿಗೆ ಹೊರಗಿನ ಬೆಲೆ ತಂದು ತೋರಿಸಿದರೆ ಹೆಚ್ಚಿನವರು ಇಳಿಸುತ್ತಾರೆ. ಐಡಿವಿಯನ್ನೇ ಕಡಿಮೆ ಮಾಡಿ ಪ್ರೀಮಿಯಂ ಇಳಿಸಿದ್ದಾರೆಯೇ ನೋಡಿ, ಕಾರು ಕಳುವಾದರೆ ಸಿಗುವುದು ಆ ಮೊತ್ತ. ಜೀರೋ ಡೆಪ್ರಿಸಿಯೇಷನ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಸೇರ್ಪಡೆ, ಮೊದಲ ಐದು ವರ್ಷ ಇರಲಿ. ಮಳೆ ಬಂದರೆ ಬೇಸ್‌ಮೆಂಟ್ ಕೆರೆಯಾಗುವ ಬಡಾವಣೆಯವರು ಎಂಜಿನ್ ರಕ್ಷಣೆಯನ್ನೂ ಸೇರಿಸಿ. ಸಾಮಾನ್ಯ ಪಾಲಿಸಿ ನೀರು ಹೊಕ್ಕ ಎಂಜಿನ್ನಿಗೆ ಕೊಡುವುದಿಲ್ಲ, ಅದರಲ್ಲೂ ನಿಂತ ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರೆ.

ಬುಕಿಂಗ್ ಹಣ ಕೊಡುವ ಮುನ್ನ ಮೂರು ಮಾತು ಲಿಖಿತವಾಗಿರಲಿ: ರದ್ದು ಮಾಡಿದರೆ ಎಷ್ಟು ವಾಪಸು, ಡೆಲಿವರಿ ಯಾವ ವಾರ, ಬೆಲೆ ಏರಿದರೆ ಯಾರ ಮೇಲೆ. ಸಾಮಾನ್ಯವಾಗಿ ಬಿಲ್ ಆಗುವ ದಿನದ ಬೆಲೆಯೇ ಅನ್ವಯ, ಬುಕ್ ಮಾಡಿದ ದಿನದ್ದಲ್ಲ. ಡಿಸೆಂಬರ್ ಕೊನೆಯ ರಿಯಾಯಿತಿ ದೊಡ್ಡದಿರುತ್ತದೆ, ಆದರೆ ಎರಡು ವಾರದಲ್ಲಿ ಕಾರು 'ಹೋದ ವರ್ಷದ್ದು' ಆಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಲಾಭ, ನಾಲ್ಕು ವರ್ಷಕ್ಕೆ ಮಾರುವವರಿಗೆ ನಷ್ಟ.

## ಹಂತ 9: ನೋಂದಣಿಗೆ ಮೊದಲು ಕಾರು ನೋಡಿ

ಬಹಳ ಜನ ತಪ್ಪಿಸುವ ಹಂತ ಇದು. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಕಾರನ್ನು ಬೇಡವೆನ್ನುವುದು ಬಲು ಕಷ್ಟ. ಅದಕ್ಕೆ ಪೂರ್ತಿ ಹಣ ಕಟ್ಟುವ ಮೊದಲೇ ಷಾಸಿ ಸಂಖ್ಯೆ ಬರೆಸಿಕೊಂಡು, ಅದೇ ಕಾರನ್ನು ಯಾರ್ಡಿನಲ್ಲಿ ಹಗಲು ಬೆಳಕಿನಲ್ಲಿ ನೋಡಬೇಕೆಂದು ಕೇಳಿ. ತೊಳೆದು ಹೂವಿನ ಹಾರ ಹಾಕಿದ ಮೇಲೆ ನೋಡಿದರೆ ಗೀರುಗಳು ಕಾಣವು.

ಕೆತ್ತಿದ ಷಾಸಿ ಸಂಖ್ಯೆಯ 17 ಅಕ್ಷರಗಳನ್ನೂ ಬಿಲ್ಲಿನ ಜೊತೆ ಒಂದೊಂದಾಗಿ ಹೋಲಿಸಿ. ತಯಾರಿಕೆಯ ತಿಂಗಳು, ವರ್ಷ ಫಾರಂ 21ರಲ್ಲಿ, ಅಂದರೆ ಮಾರಾಟ ಪತ್ರದಲ್ಲಿ ಇರುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 1225 ಎಂದರೆ 2025ರ 12ನೇ ವಾರ. ಐದು ಟೈರುಗಳಲ್ಲಿ ಒಂದು ಮಾತ್ರ ತೀರಾ ಬೇರೆ ಕಾಲದ್ದಾಗಿದ್ದರೆ ಯಾಕೆಂದು ಕೇಳಿ. ಎಲ್ಲ ಗಾಜುಗಳ ಮೂಲೆಯ ಗುರುತೂ ಒಂದೇ ಕಂಪನಿಯದ್ದೇ? ಒಂದು ಬೇರೆಯಿದ್ದರೆ ಸಾಗಣೆಯಲ್ಲಿ ಒಡೆದು ಬದಲಿಸಿರಬಹುದು. ಮೀಟರ್ 100 ಕಿ.ಮೀ.ಗಿಂತ ಹೆಚ್ಚು ತೋರಿಸಿದರೆ ಅದು ಟೆಸ್ಟ್ ಡ್ರೈವ್‌ಗೆ ಹೋದ ಕಾರೇ ಎಂದು ಅನುಮಾನಪಡಿ.

ಟಾರ್ಚನ್ನು ಬಣ್ಣಕ್ಕೆ ಓರೆಯಾಗಿ ಹಿಡಿಯಿರಿ, ಮತ್ತೆ ಬಣ್ಣ ಬಳಿದ ಜಾಗ ಕಿತ್ತಳೆ ಸಿಪ್ಪೆಯಂತೆ ಒರಟಾಗಿ ಕಾಣುತ್ತದೆ. ಬಾಗಿಲು, ಬಾನೆಟ್ ಸಂದುಗಳು ಎರಡೂ ಕಡೆ ಸಮವಾಗಿರಲಿ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಕಾರಿನ ಬಾನೆಟ್ ಕೆಳಗೆ ಇಲಿ ಕಡಿದ ವೈರು, ಹಿಕ್ಕೆ ಸಿಗುವುದುಂಟು. ಡಿಕ್ಕಿಯ ಮ್ಯಾಟ್ ಎತ್ತಿ ನೀರಿನ ಕಲೆ, ತುಕ್ಕು ನೋಡಿ. ಸ್ಟೆಪ್ನಿ, ಜಾಕಿ, ಪಾನಾ, ಎರಡು ಕೀ ಇವೆಯೇ ಎಣಿಸಿ. ಕೆಲವು ಮಾಡೆಲ್‌ಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ, ಅದು ಈ ದಿನ ಗೊತ್ತಾಗಬಾರದು. ಕೀ ತಿರುಗಿಸಿದಾಗ ಎಲ್ಲ ಎಚ್ಚರಿಕೆ ದೀಪಗಳೂ ಹೊತ್ತಿ ಎಂಜಿನ್ ಶುರುವಾದ ಮೇಲೆ ಆರಬೇಕು. ಕಿಟಕಿ, ವೈಪರ್, ಎಸಿ, ಹಿಂದಿನ ಕ್ಯಾಮೆರಾ, ನಾಲ್ಕೂ ಬಾಗಿಲ ಬೀಗ ಒಂದೊಂದಾಗಿ ನಡೆಸಿ ನೋಡಿ. ಏನಾದರೂ ಸಿಕ್ಕಿದರೆ ಫೋಟೊ ತೆಗೆದು, ಬೇರೆ ಷಾಸಿಯ ಕಾರು ಕೊಡಿ ಎಂದು ಇಮೇಲ್‌ನಲ್ಲೇ ಕೇಳಿ. 'ಡೆಲಿವರಿ ದಿನ ಸರಿಮಾಡಿ ಕೊಡ್ತೀವಿ' ಎಂಬ ಮಾತಿಗೆ ಹಣ ಕಟ್ಟಬೇಡಿ.

ಡೆಲಿವರಿಯ ದಿನ ಕೈಗೆ ಬರಬೇಕಾದ ಕಾಗದಗಳು: ತೆರಿಗೆ ಬಿಲ್ಲು, ಫಾರಂ 21, ಫಾರಂ 22 (ಕಾರು ರಸ್ತೆಗೆ ಯೋಗ್ಯವೆಂಬ ಕಂಪನಿಯ ಪತ್ರ), ವಿಮಾ ಪಾಲಿಸಿ, ರಸ್ತೆ ತೆರಿಗೆ ರಸೀದಿ, ವಾರಂಟಿ ಪುಸ್ತಕ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ. ಆರ್‌ಸಿ ಆಮೇಲೆ ಬರುತ್ತದೆ. ಬಂದ ದಿನವೇ ಹೆಸರು, ವಿಳಾಸ, ಎಂಜಿನ್ ಸಂಖ್ಯೆ, ಇಂಧನದ ಬಗೆ ಓದಿ ನೋಡಿ. ಅದರಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಆ ಹೆಸರು ತೆಗೆಸುವುದು ನಿಮ್ಮದೇ ಕೆಲಸ. ಕೊನೆಯ ಇಎಂಐ ಕಟ್ಟಿದ ತಿಂಗಳೇ ಮಾಡಿ ಮುಗಿಸಿ, ಕಾರು ಮಾರುವ ದಿನದವರೆಗೆ ಕಾಯಬೇಡಿ.